ಬಿಳಿಯೂ ಒಂದು ಬಣ್ಣವೇ

ಹೋದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಹಿರಿಯ ವಿಮರ್ಶಕರೊಬ್ಬರು ನಮ್ಮಂಥ ಹುಡುಗರಿಗೆ ಬುದ್ಧಿ ಹೇಳಿದರು. "ಕಥೆ ಕವಿತೆಯೊಳಗೆ ನಿಮ್ಮ ಸಿಟ್ಟು ತಂದಿರಿ, ಆಯಿತು. ಸಂಗೀತ, ಚಿತ್ರಕಲೆ ಇವೆರಡನ್ನಾದರೂ ಬಿಟ್ಟುಬಿಡಿ. ನಾದಕ್ಕೆ ಜಾತಿಯಿಲ್ಲ. ಬಣ್ಣಕ್ಕೆ ಕುಲವಿಲ್ಲ." ಸಭೆ ಚಪ್ಪಾಳೆ ತಟ್ಟಿತು. ಸುಳ್ಳು ಯಾಕೆ ಹೇಳಲಿ, ನನ್ನ ಕೈಯೂ ಅರ್ಧ ಎದ್ದಿತ್ತು. ಚೆಂದದ ಮಾತು ಕೇಳಿದರೆ ಕೈ ತಾನಾಗಿ ಏಳುತ್ತೆ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಮಾತು ಕೇರಿಗಳ ಮುಂದೆ ನಿಂತಿರುವ ಅಂಬೇಡ್ಕರ್ ಪ್ರತಿಮೆಗಳ ಕಡೆಗೆ ಹೊರಳಿತು. "ಆ ನೀಲಿ ಕಣ್ಣಿಗೆ ಹೊಡೆಯುತ್ತೆ. ಅಭಿಮಾನ ಇರಲಿ, ಅಭಿರುಚಿಯೂ ಬೇಡವೇ?" ಅಂದರು. ಸಭೆ ನಕ್ಕಿತು.

ಎದ್ದ ಕೈಯನ್ನು ಇಳಿಸಿದೆ. ಈಗ ತಾನೇ ಬಣ್ಣಕ್ಕೆ ಕುಲವಿಲ್ಲ ಅಂದವರು ಮರುಕ್ಷಣವೇ ನಮ್ಮ ಕೇರಿಯ ನೀಲಿಗೆ ಕುಲ ಹುಡುಕಿಬಿಟ್ಟರಲ್ಲ! ಎದ್ದು ಕೇಳಬೇಕಿತ್ತು. ಕೇಳಲಿಲ್ಲ. ಬಾಯಿ ಒಣಗಿತ್ತು. ಹೆಬ್ಬೆಟ್ಟಿನ ಅಪ್ಪನ ಮಗ ನಾನು, ಮೈಕಿನ ಮುಂದೆ ನಿಲ್ಲೋದನ್ನ ಇನ್ನೂ ಕಲಿಯುತ್ತಿದ್ದೇನೆ. ಅವತ್ತು ಕೊಡದ ಉತ್ತರವನ್ನು ಇವತ್ತು ಇಲ್ಲಿ ಕೊಡುತ್ತೇನೆ. ಆಮೇಲೆ ಓದಿದ ಎರಡು ಪುಸ್ತಕಗಳು ನನಗೆ ಬಾಯಿ ಕೊಟ್ಟವು.

ಒಂದು ಬಣ್ಣದ ಮೇಲಿನ ಪುಸ್ತಕ. ಬ್ರಿಟನ್ನಿನ ಕಲಾವಿದ ಡೇವಿಡ್ ಬ್ಯಾಚೆಲರ್ ೨೦೦೦ದಲ್ಲಿ ತಂದದ್ದು. ಹೆಸರು 'ಕ್ರೋಮೊಫೋಬಿಯಾ', ಅಂದರೆ ಬಣ್ಣದ ಭಯ. ಇನ್ನೊಂದು 'ಗೇ ಗೆರಿಲ್ಲಾ'. ರೆನೆ ಲೆವಿನ್ ಪ್ಯಾಕರ್ ಮತ್ತು ಮೇರಿ ಜೇನ್ ಲೀಚ್ ಎಂಬ ಇಬ್ಬರು ಹೆಣ್ಣುಮಕ್ಕಳು ಸಂಪಾದಿಸಿ ೨೦೧೫ರಲ್ಲಿ ತಂದರು. ಅಮೆರಿಕದ ಕಪ್ಪು ಸಂಗೀತಗಾರ ಜೂಲಿಯಸ್ ಈಸ್ಟ್‌ಮನ್‌ನ ಬದುಕು, ಸಂಗೀತ ಎರಡರ ಬಗ್ಗೆ ಹಲವರು ಬರೆದ ಲೇಖನಗಳು ಅದರಲ್ಲಿವೆ. ಎರಡೂ ಇಂಗ್ಲಿಷಿನವು. ಬೆಂಗಳೂರಿನಲ್ಲಿ ಓದುವ ಗೆಳೆಯ ಎರವಲು ತಂದುಕೊಟ್ಟ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದೆ. ಕೊಳ್ಳಹೊರಟರೆ ನಮ್ಮವ್ವನ ಎಷ್ಟೋ ದಿನದ ಕೂಲಿ ಬೇಕು. ಅದಕ್ಕೇ ಅದರೊಳಗಿನ ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಬ್ಯಾಚೆಲರ್ ಶುರುಮಾಡೋದು ಒಬ್ಬ ಶ್ರೀಮಂತ ಕಲಾಸಂಗ್ರಾಹಕನ ಮನೆಯಿಂದ. ಒಳಗೆ ಎಲ್ಲಿ ನೋಡಿದರೂ ಬಿಳುಪು. ಅದು ಸುಮ್ಮನಿರುವ ಬಿಳುಪಲ್ಲ, ಮೇಲೆ ಬೀಳುವ ಬಿಳುಪು. ಅಲ್ಲಿಂದ ಅವನು ಹೇಳೋ ಮಾತಿಷ್ಟು: ಪಶ್ಚಿಮದ ಪಂಡಿತರು ಬಣ್ಣವನ್ನು ಎರಡು ದಾರಿಯಲ್ಲಿ ಆಚೆಗಟ್ಟಿದರು. ಮೊದಲನೆಯದು, ಬಣ್ಣ ಬೇರೆಯವರದು ಅನ್ನೋದು. ಹೆಂಗಸರದು, ಪೂರ್ವದೇಶದವರದು, ಕಾಡುಜನರದು, ಮಕ್ಕಳದು, ಒರಟರದು. ಎರಡನೆಯದು, ಬಣ್ಣ ಬರೀ ಮೇಲಿನ ಲೇಪ, ಒಳಗಿನ ಗಟ್ಟಿ ಸತ್ಯವೆಲ್ಲ ಗೆರೆ ಮತ್ತು ಆಕಾರ ಅನ್ನೋದು. ಅಂದರೆ ಬಣ್ಣ ಒಂದೋ ಅಪಾಯ, ಇಲ್ಲವೇ ಕ್ಷುಲ್ಲಕ. ಇದು ನಮಗೆ ಹೊಸದೇನ್ರಿ? ಮುಟ್ಟಿದರೆ ಮೈಲಿಗೆ, ಲೆಕ್ಕ ಹಾಕುವಾಗ ಮಾತ್ರ ಇಲ್ಲ. ಅಪಾಯವೂ ಆಗಿ ಕ್ಷುಲ್ಲಕವೂ ಆಗಿ ಏಕಕಾಲಕ್ಕೆ ಬದುಕಿದವರು ನಾವು.

ಜರ್ಮನಿಯ ಮಹಾಕವಿ ಗಯಟೆ ೧೮೧೦ರಲ್ಲಿ ಬಣ್ಣದ ಮೇಲೆ ದೊಡ್ಡ ಗ್ರಂಥ ಬರೆದ. ಗಾಢ ಬಣ್ಣಗಳೆಂದರೆ ಕಾಡುಜನರಿಗೆ, ಓದುಬರಹ ಇಲ್ಲದವರಿಗೆ, ಮಕ್ಕಳಿಗೆ ಬಲು ಇಷ್ಟ. ಸಂಸ್ಕಾರವಂತರು ತಮ್ಮ ಉಡುಪಿನಲ್ಲೂ ಸುತ್ತಲೂ ಅವನ್ನು ದೂರವಿಡುತ್ತಾರೆ ಅಂತ ಅದರಲ್ಲಿದೆ. ೧೮೬೭ರಲ್ಲಿ ಫ್ರಾನ್ಸಿನ ಷಾರ್ಲ್ ಬ್ಲಾಂ ಗೆರೆಯನ್ನು ಗಂಡು ಮಾಡಿದ, ಬಣ್ಣವನ್ನು ಹೆಣ್ಣು ಮಾಡಿದ. ಈವಳಿಂದ ಮನುಷ್ಯ ಕೆಟ್ಟ ಹಾಗೆ ಬಣ್ಣದಿಂದ ಚಿತ್ರಕಲೆ ಕೆಡುತ್ತೆ, ಗೆರೆ ಅದನ್ನು ಅಂಕೆಯಲ್ಲಿಡಬೇಕು ಅಂದ. ಅವನ ಹೆಸರಿನ ಅರ್ಥವೇ ಬಿಳಿ! ನಮ್ಮ ವಿಮರ್ಶಕರು ಈ ಗ್ರಂಥಗಳನ್ನು ಓದಿರಲಿ ಬಿಡಲಿ, ಅವತ್ತು ಮಾತಾಡಿದ್ದು ಮಾತ್ರ ಇವರ ಬಾಯಿಂದಲೇ.

ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಗ್ರೀಕರ ಶಿಲ್ಪ ಅಂದಕೂಡಲೇ ನಮ್ಮ ಕಣ್ಣಮುಂದೆ ಬರೋದು ಹಾಲಿನಂಥ ಅಮೃತಶಿಲೆ. ಎಂದೂ ಗ್ರೀಸಿಗೆ ಕಾಲಿಡದ ಜರ್ಮನ್ ಪಂಡಿತ ವಿಂಕಲ್‌ಮಾನ್ ೧೭೬೪ರ ತನ್ನ ಕಲಾಚರಿತ್ರೆಯಲ್ಲಿ, ಮೈ ಬೆಳ್ಳಗಿದ್ದಷ್ಟೂ ಚೆಲುವು ಅಂತ ಬರೆದ. ಆದರೆ ಗ್ರೀಕರು ತಮ್ಮ ಶಿಲ್ಪಗಳಿಗೆ ಬಣ್ಣ ಬಳಿಯುತ್ತಿದ್ದರು. ಕೆಂಪು, ನೀಲಿ, ಹಳದಿ, ಚಿನ್ನ. ಮಣ್ಣೊಳಗೆ, ಮಳೆಯೊಳಗೆ ಶತಮಾನ ಕಳೆದು ಬಣ್ಣ ಉದುರಿತು. ಉದುರಿದ ಮೇಲೆ ಉಳಿದ ಬಿಳುಪನ್ನೇ ಇವರು ಆದರ್ಶ ಮಾಡಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ. ಏಥೆನ್ಸಿನ ಪಾರ್ಥೆನಾನ್ ಗುಡಿಯಿಂದ ಕಿತ್ತು ತಂದ ಶಿಲ್ಪಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವಕ್ಕೆ ಹೊಸ ಸಭಾಂಗಣ ಕಟ್ಟಿಸಲು ಹಣ ಕೊಟ್ಟವನು ಕಲಾವ್ಯಾಪಾರಿ ಡುವೀನ್. ಅವನಿಗೆ ಬೆಳ್ಳಗಿನ ಕಲ್ಲು ಬೇಕಿತ್ತು. ೧೯೩೭-೩೮ರಲ್ಲಿ ಕೆಲಸಗಾರರ ಕೈಗೆ ತಾಮ್ರದ ಉಳಿ, ಉಜ್ಜುವ ಪುಡಿಕಲ್ಲು ಕೊಟ್ಟು, ಎರಡು ಸಾವಿರ ವರ್ಷ ಆ ಕಲ್ಲಿನ ಮೇಲೆ ಕೂತಿದ್ದ ಜೇನುಬಣ್ಣದ ಪೊರೆಯನ್ನು ಕೆರೆಸಿದರು. ಸುದ್ದಿ ಹೊರಬಿದ್ದು ದೊಡ್ಡ ರಗಳೆಯಾಯಿತು.

ಸಂಗಾತಿಗಳೇ, ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. 'ಶುದ್ಧ' ಅನ್ನೋದು ತಾನಾಗಿ ಹುಟ್ಟೋದಿಲ್ಲ. ಅದನ್ನು ಕೆರೆದು ಕೆರೆದು ಮಾಡುತ್ತಾರೆ. ಕೆರೆಯೋನು ಕೂಲಿಯವನು, ಕೆರೆಸೋನು ದಾನಿ.

ಇಷ್ಟೆಲ್ಲ ಆದಮೇಲೆ ೨೦೦೯ರಲ್ಲಿ ಅದೇ ಮ್ಯೂಸಿಯಮ್ಮಿನ ವಿಜ್ಞಾನಿಗಳು ಆ ಶಿಲ್ಪಗಳ ಮೇಲೆ ಕೆಂಪು ಬೆಳಕು ಬಿಟ್ಟು, ಹಿಂದಕ್ಕೆ ಹೊಮ್ಮುವ ಅತಿಗೆಂಪು ಕಿರಣವನ್ನು ಕ್ಯಾಮೆರಾದಲ್ಲಿ ಹಿಡಿದರು. ಐರಿಸ್ ದೇವತೆಯ ನಡುಪಟ್ಟಿಯ ಮೇಲೆ ಬಣ್ಣದ ಕಣಗಳು ಹೊಳೆದವು. ಬರಿಗಣ್ಣಿಗೆ ಕಾಣದ ಕಣಗಳು. ಯಾವ ಬಣ್ಣ ಗೊತ್ತೇ? ನೀಲಿ! ಗ್ರೀಕರ ದೇವತೆಯ ಸೊಂಟದ ನೀಲಿ ಶಾಸ್ತ್ರೀಯ. ಬಾಬಾಸಾಹೇಬರ ಕೋಟಿನ ನೀಲಿ ಅಭಿರುಚಿಗೇಡು! ಹೇಳಿ ಸ್ವಾಮಿ, ಬಣ್ಣಕ್ಕೆ ಕುಲವಿಲ್ಲವೇ?

ಕಲ್ಲಿಗೆ ಮಾಡಿದ್ದನ್ನು ಮನುಷ್ಯನಿಗೂ ಮಾಡುತ್ತಾರೆ. ಅದಕ್ಕೆ ಸಾಕ್ಷಿ ಈಸ್ಟ್‌ಮನ್.

ಹುಟ್ಟಿದ್ದು ೧೯೪೦ರಲ್ಲಿ ನ್ಯೂಯಾರ್ಕಿನಲ್ಲಿ. ಬೆಳೆದದ್ದು ಇಥಾಕಾ ಎಂಬ ಊರಲ್ಲಿ. ಸಾಕಿದ್ದು ತಾಯಿ. ಪಿಯಾನೊ ಕಲಿಯೋಕೆ ಶುರುಮಾಡಿದ್ದು ಹದಿನಾಲ್ಕಕ್ಕೆ. ಉಳ್ಳವರ ಮಕ್ಕಳು ನಾಲ್ಕೈದು ವರ್ಷಕ್ಕೇ ಕೂರುತ್ತಾರೆ, ಇವನು ಹತ್ತು ವರ್ಷ ತಡ. ಆದರೂ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆ ಸೇರಿ ೧೯೬೩ರಲ್ಲಿ ಪದವಿ ಪಡೆದ. ಆಮೇಲೆ ಬಫಲೊ ವಿಶ್ವವಿದ್ಯಾಲಯದ ಹೊಸ ಸಂಗೀತದ ಕೇಂದ್ರ ಸೇರಿದ. ಹಾಡುಗಾರ, ವಾದಕ, ಕುಣಿತಗಾರ, ಸಂಗೀತ ಬರೆಯುವವನು, ಎಲ್ಲವೂ ಅವನೇ. ಅಲ್ಲಿ ನಡೆಯುತ್ತಿದ್ದದ್ದು ಅವಾಂಗಾರ್ಡ್ ಸಂಗೀತ. ಆ ಪದ ಸೈನ್ಯದ್ದು. ಎಲ್ಲರಿಗಿಂತ ಮುಂದೆ ನುಗ್ಗುವ ದಂಡು ಅಂತ ಅರ್ಥ. ಆ ಮುಂಪಡೆಯ ತುಂಬ ಬಿಳಿಯರೇ. ಅವರ ನಡುವೆ ಇವನೊಬ್ಬ ಕಪ್ಪು, ಮೇಲಾಗಿ ಸಲಿಂಗಪ್ರೇಮಿ. ಎರಡನ್ನೂ ಬಚ್ಚಿಡಲಿಲ್ಲ.

ಆ ಮುಂಪಡೆಯ ದೊಡ್ಡ ಹೆಸರು ಜಾನ್ ಕೇಜ್. ೧೯೫೨ರಲ್ಲಿ ವಾದಕ ಏನನ್ನೂ ನುಡಿಸದೆ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ಕೂರುವ ಕೃತಿ ಕೊಟ್ಟವನು. ಕೇಳುವವರು ಸುತ್ತಲಿನ ಸದ್ದನ್ನೇ ಸಂಗೀತ ಅಂತ ಕೇಳಬೇಕು, 'ನಾನು' ಅನ್ನೋದು ಸಂಗೀತದಿಂದ ಆಚೆ ಹೋಗಬೇಕು ಅನ್ನೋದು ಅವನ ದಾರಿ. ದೊಡ್ಡ ದಾರಿಯೇ, ಹೀಗಳೆಯೋದಿಲ್ಲ. ೧೯೭೫ರಲ್ಲಿ ಬಫಲೊದಲ್ಲಿ ಈಸ್ಟ್‌ಮನ್ ಮತ್ತು ಗೆಳೆಯರು ಕೇಜನ ಕೃತಿಯೊಂದನ್ನು ಅವನೆದುರೇ ಆಡಿದರು. ಆ ಕೃತಿಯೊಳಗೆ ಆಡುವವನ ಇಷ್ಟಕ್ಕೆ ಜಾಗವಿತ್ತು. ಆ ಜಾಗದಲ್ಲಿ ಈಸ್ಟ್‌ಮನ್ ಪ್ರೇಮದ ಹೊಸ ಪದ್ಧತಿಯ ಮೇಲೆ ಅಣಕದ ಉಪನ್ಯಾಸ ಮಾಡಿದ, ಒಬ್ಬ ಯುವಕನ ಬಟ್ಟೆ ಬಿಚ್ಚಿಸಿ ನಿಲ್ಲಿಸಿದ. ಮಾರನೆಯ ದಿನ ಕೇಜ್ ಕೋಪದಲ್ಲಿ ಪಿಯಾನೊ ಗುದ್ದಿ ಮಾತಾಡಿದ. ಸ್ವಾತಂತ್ರ್ಯ ಕೊಟ್ಟದ್ದು ಬೇಜವಾಬ್ದಾರಿಗಲ್ಲ ಅನ್ನೋದು ಅವನ ಸಿಟ್ಟು.

ಈಸ್ಟ್‌ಮನ್ ಮಾಡಿದ್ದೆಲ್ಲ ಸರಿ ಅಂತ ನಾನು ವಾದಿಸೋದಿಲ್ಲ. ಕೇಜನೂ ಸಲಿಂಗಪ್ರೇಮಿಯೇ, ಅದನ್ನು ಮಾತಿಗೆ ತರದೆ ಬದುಕಿದವನು. ಅವನಿಗೂ ತನ್ನ ನೋವಿದ್ದಿರಬಹುದು. ನನ್ನ ಪ್ರಶ್ನೆ ಬೇರೆ. 'ನಾನು' ಅನ್ನೋದನ್ನ ಬಿಡು ಅಂತ ಯಾರಿಗೆ ಹೇಳಬಹುದು? 'ನಾನು' ಇದ್ದವನಿಗೆ. ಹುಟ್ಟಿದಾಗಿನಿಂದ 'ಲೇ', 'ಅವನು', 'ಅವರ ಪೈಕಿ' ಅನ್ನಿಸಿಕೊಂಡವನು ಏನನ್ನು ಬಿಡಬೇಕು? ತುಂಬಿದ ಕಣಜದವನು ಉಪವಾಸ ಮಾಡಿದರೆ ವ್ರತ. ನಮ್ಮವ್ವ ಉಂಡಿಲ್ಲದಿದ್ದರೆ ಅದು ಬರೀ ಹಸಿವು. ಬಣ್ಣವಿಲ್ಲ, ಜಾತಿಯಿಲ್ಲ, ನಾನಿಲ್ಲ ಅಂತ ಹೇಳುವ ಸುಖ ಎಲ್ಲವೂ ಇದ್ದವರದು.

೧೯೭೯ರ ಸುಮಾರಿಗೆ ಈಸ್ಟ್‌ಮನ್ ಹಲವು ಪಿಯಾನೊಗಳಿಗೆ ಮೂರು ದೊಡ್ಡ ಕೃತಿ ಬರೆದ. ಎರಡರ ಹೆಸರಲ್ಲಿ ಬಿಳಿಯರು ಕಪ್ಪುಜನರಿಗೆ ಬೈಯುವ ಆ ಕೊಳಕು ಪದವನ್ನೇ ಇಟ್ಟ: 'ಈವಿಲ್ ನಿಗ್ಗರ್', 'ಕ್ರೇಜಿ ನಿಗ್ಗರ್'. ಮೂರನೆಯದು 'ಗೇ ಗೆರಿಲ್ಲಾ'. ೧೯೮೦ರ ಜನವರಿಯಲ್ಲಿ ಷಿಕಾಗೊ ಪಕ್ಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ಪಿಯಾನೊಗಳ ಮೇಲೆ ಅವುಗಳ ಕಛೇರಿ ನಡೆಯಿತು. ಅಲ್ಲಿನ ಕಪ್ಪು ವಿದ್ಯಾರ್ಥಿಗಳೇ ಹೆಸರುಗಳಿಗೆ ವಿರೋಧ ಮಾಡಿದರು. ಕಾರ್ಯಕ್ರಮ ಪತ್ರಿಕೆಯಲ್ಲಿ ಹೆಸರು ಅಚ್ಚಾಗಲಿಲ್ಲ. ಆಗ ಈಸ್ಟ್‌ಮನ್ ವೇದಿಕೆಯ ಮೇಲೆ ನಿಂತು ತಾನೇ ಹೆಸರು ಹೇಳಿ ಅರ್ಥ ಬಿಡಿಸಿದ. ಹೊಲದಲ್ಲಿ ದುಡಿದ ಕಪ್ಪುಜನರ ಬೆನ್ನಿನ ಮೇಲೆಯೇ ಅಮೆರಿಕದ ಸಂಪತ್ತು ನಿಂತಿದೆ. ಆ ಪದದಲ್ಲಿ ತನಗೆ ಕಾಣೋದು ಆ ಬುನಾದಿ ಅಂದ. ಗೆರಿಲ್ಲಾ ಅಂದರೆ ತಾನು ನಂಬಿದ್ದಕ್ಕೆ ಪ್ರಾಣ ಕೊಡಲು ತಯಾರಿರುವವನು ಅಂದ.

ಆ ವಿದ್ಯಾರ್ಥಿಗಳ ನೋವು ಸುಳ್ಳಲ್ಲ. ಬೈಗುಳ ತಿಂದವರಿಗೆ ಅದು ಯಾರ ಬಾಯಿಂದ ಬಂದರೂ ಚುಚ್ಚುತ್ತೆ. ಆದರೆ ಈಸ್ಟ್‌ಮನ್‌ಗಿಂತ ನಾಲ್ಕು ವರ್ಷ ಮೊದಲೇ, ೧೯೭೫ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಕನ್ನಡದಲ್ಲಿ ಬಂದದ್ದನ್ನು ನೆನೆಯಿರಿ. ಊರು ಉಗಿಯಲು ಇಟ್ಟುಕೊಂಡಿದ್ದ ಪದವನ್ನು ಪುಸ್ತಕದ ನೆತ್ತಿಯ ಮೇಲೆ ಕೂರಿಸಿದ್ದರು. ಆ ಇಬ್ಬರೂ ಒಬ್ಬರನ್ನೊಬ್ಬರು ಬಲ್ಲವರಲ್ಲ. ಗಾಯ ಒಂದೇ ಥರದ್ದು, ಮದ್ದೂ ಒಂದೇ ಥರದ್ದು.

ಗೆಳೆಯನ ಮೊಬೈಲಿನಲ್ಲಿ 'ಈವಿಲ್ ನಿಗ್ಗರ್' ಕೇಳಿದೆ. ಹಾಸ್ಟೆಲಿನ ಮಾಳಿಗೆಯ ಮೇಲೆ ನಾಲ್ಕು ಜನ ಸುತ್ತ ಕೂತಿದ್ದೆವು. ಒಂದು ಸಣ್ಣ ಪಲುಕು ಮತ್ತೆ ಮತ್ತೆ ಬರುತ್ತೆ, ಸುತ್ತ ಬೇರೆ ಸ್ವರಗಳು ಒತ್ತುತ್ತಾ ಹೋಗುತ್ತವೆ, ನಡುನಡುವೆ ಒಬ್ಬ ಒಂದು ಎರಡು ಮೂರು ನಾಲ್ಕು ಅಂತ ಕೂಗಿ ಎಣಿಸುತ್ತಾನೆ. ಅವನು ಇದನ್ನು ಸಾವಯವ ಸಂಗೀತ ಅಂತ ಕರೆದ. ಹೊಸ ಭಾಗ ಬಂದಾಗ ಹಿಂದಿನದು ಅದರೊಳಗೇ ಇರಬೇಕು, ಆಮೇಲೆ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು ಅನ್ನೋದು ಅದರ ನಿಯಮ. ನಮಗೆ ಪಶ್ಚಿಮದ ಸಂಗೀತದ ಗಂಧಗಾಳಿ ಇಲ್ಲ. ಆದರೂ ಒಬ್ಬ ಹುಡುಗ ಅಂದ: "ಇದು ಪಿಯಾನೊ ಅಲ್ಲ ಕಣಣ್ಣ, ಬಾಗಿಲು ಬಡಿಯೋದು."

ಬಾಗಿಲು ತೆಗೆಯಲಿಲ್ಲ. ಅವನು ಆಸೆಪಟ್ಟಿದ್ದ ಅಧ್ಯಾಪಕನ ಕೆಲಸ ಸಿಗಲಿಲ್ಲ. ೧೯೮೦ರ ದಶಕದ ಮೊದಲಲ್ಲಿ ನ್ಯೂಯಾರ್ಕಿನ ಬಾಡಿಗೆ ಮನೆಯಿಂದ ಅವನನ್ನು ಹೊರಹಾಕಿದರು, ಸಾಮಾನನ್ನು ಬೀದಿಗೆಸೆದರು. ಅದರೊಳಗೆ ಅವನು ಕೈಯಾರೆ ಬರೆದ ಸ್ವರಲಿಪಿಗಳಿದ್ದವು. ಬಹುಪಾಲು ಅಲ್ಲೇ ಹೋದವು. ಕೆಲಕಾಲ ಟಾಂಪ್‌ಕಿನ್ಸ್ ಸ್ಕ್ವೇರ್ ಎಂಬ ಪಾರ್ಕಿನಲ್ಲಿ ಮಲಗಿದ. ೧೯೯೦ರ ಮೇ ೨೮ರಂದು ಬಫಲೊದ ಆಸ್ಪತ್ರೆಯೊಂದರಲ್ಲಿ ಸತ್ತ. ವಯಸ್ಸು ೪೯. ಸುದ್ದಿ ಪತ್ರಿಕೆಯಲ್ಲಿ ಬಂದದ್ದು ಎಂಟು ತಿಂಗಳ ಮೇಲೆ, ೧೯೯೧ರ ಜನವರಿಯಲ್ಲಿ, ಕೈಲ್ ಗ್ಯಾನ್ 'ವಿಲೇಜ್ ವಾಯ್ಸ್'ನಲ್ಲಿ ಬರೆದಾಗ. ಕುಡಿತವಿತ್ತು, ಹಟವಿತ್ತು, ನೆರವಿಗೆ ಬಂದವರ ಜೊತೆಗೂ ಜಗಳವಿತ್ತು. ಪುಸ್ತಕ ಅದನ್ನು ಮುಚ್ಚಿಡೋದಿಲ್ಲ, ನಾನೂ ಮುಚ್ಚಿಡೋದಿಲ್ಲ. ಆದರೆ ಉಳ್ಳವರ ಮನೆಯ ಕಲಾವಿದ ಕುಡಿದರೆ ಅದು ಪ್ರತಿಭೆಯ ಹುಚ್ಚು, ಇಲ್ಲದವನು ಕುಡಿದರೆ ಜಾತಿಯ ಗುಣ. ಈ ತಕ್ಕಡಿ ನಮಗೂ ಗೊತ್ತು, ಅವರಿಗೂ ಗೊತ್ತು.

ವಿಮರ್ಶಕರೇ, ನಾದಕ್ಕೆ ಜಾತಿ ಇಲ್ಲದಿರಬಹುದು. ಒಪ್ಪೋಣ. ನಾದ ಬರೆದ ಕಾಗದ ಇಡೋಕೆ ಒಂದು ಮನೆ ಬೇಕು. ಮನೆಗೆ ಬಾಡಿಗೆ ಬೇಕು. ಬಾಡಿಗೆಗೆ ಕೆಲಸ ಬೇಕು. ನಮ್ಮ ಊರುಗಳಲ್ಲಾದರೆ ಬಾಡಿಗೆ ಮಾತು ಬರೋ ಮೊದಲೇ "ನೀವು ಯಾವ ಪೈಕಿ?" ಅನ್ನೋ ಪ್ರಶ್ನೆ ಬರುತ್ತೆ. ನಾದ ಗಾಳಿಯಲ್ಲಿ ತೇಲುತ್ತೆ ಸ್ವಾಮಿ, ನಾದ ಮಾಡೋನು ನೆಲದ ಮೇಲೆ ಮಲಗಬೇಕು.

ಈಗ ನಮ್ಮವರ ಕಡೆಗೆ ತಿರುಗುತ್ತೇನೆ. ಕೆಲವು ಸಂಗಾತಿಗಳು ಕೇಳುತ್ತಾರೆ: "ಈ ಪಿಯಾನೊ, ಅವಾಂಗಾರ್ಡ್ ಎಲ್ಲ ನಮಗೆ ಯಾಕಪ್ಪ? ನಮಗೆ ತಮಟೆ ಸಾಕು, ಘೋಷಣೆ ಸಾಕು." ಸಾಲದು. ಹೊಸದನ್ನು ಹುಡುಕುವ ಹಕ್ಕನ್ನು ಅವರಿಗೆ ಬಿಟ್ಟುಕೊಟ್ಟು, ಹಾಕಿಕೊಟ್ಟ ಹಾಡನ್ನೇ ಹಾಡುತ್ತಾ ಕೂತರೆ ಅದೂ ಒಂದು ಬಗೆಯ ಜೀತ. ಇನ್ನು ಕೆಲವರು ಸಲಿಂಗಪ್ರೇಮಿ ಅಂದಕೂಡಲೇ ಮುಖ ತಿರುಗಿಸುತ್ತಾರೆ. ಇದೆಂಥ ಬಂಡಾಯ? ನಮ್ಮನ್ನು ಮುಟ್ಟಬಾರದವರು ಅಂದವರ ಮೇಲೆ ಬೆಂಕಿ ಕಾರುವ ನಾವು, ಮುಟ್ಟಬಾರದವರ ಪಟ್ಟಿಯೊಂದನ್ನು ನಮ್ಮ ಕಿಸೆಯಲ್ಲೂ ಇಟ್ಟುಕೊಂಡರೆ ಮನುವಿಗೇನು ನಷ್ಟ?

ಮೂರನೆಯ ತಪ್ಪು ನನ್ನದೇ. ನಮ್ಮ ದೊಡ್ಡಪ್ಪ ತಮಟೆಯವನು. ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿ, ಬೆರಳಲ್ಲಿ ಒಮ್ಮೆ ತಟ್ಟಿ ನೋಡಿ, ಸಾವಿಗೊಂದು, ಜಾತ್ರೆಗೊಂದು, ಊರಿಗೆ ಸಾರೋಕೊಂದು ಅಂತ ಬೇರೆ ಬೇರೆ ಹೊಡೆತ ಹಾಕೋನು. ಒಬ್ಬ ಮೇಷ್ಟ್ರು ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದುಕೊಟ್ಟಿದ್ದರು. ಹೊಸ ಮನೆ ಕಟ್ಟುವಾಗ ಹಳೇ ಸಾಮಾನಿನ ಜೊತೆ ಆ ಕ್ಯಾಸೆಟ್ಟನ್ನು ತಿಪ್ಪೆಗೆ ಎಸೆದದ್ದು ಯಾವ ಮೇಲ್ಜಾತಿಯವನೂ ಅಲ್ಲ, ನಾನು. ಆಗ ಹೈಸ್ಕೂಲಿನಲ್ಲಿದ್ದೆ. ತಮಟೆ ಅಂದರೆ ನಾಚಿಕೆ. ಶಾಲೆಯ ಸ್ನೇಹಿತರು ಮನೆಗೆ ಬಂದರೆ ಅದು ಕಾಣಬಾರದು ಅಂತ ಆಸೆ. ದೊಡ್ಡಪ್ಪ ಈಗಿಲ್ಲ. ಆ ಹೊಡೆತಗಳಲ್ಲಿ ಎಷ್ಟೋ ಯಾರಿಗೂ ಬರೋದಿಲ್ಲ. ಕಲ್ಲು ಉಜ್ಜುವ ಪುಡಿ ನನ್ನ ಕೈಯಲ್ಲೂ ಇತ್ತು, ಸಂಗಾತಿಗಳೇ. ಯಾರೂ ಕೊಟ್ಟಿರಲಿಲ್ಲ. ಶಾಲೆಯ ಗಾಳಿಯಲ್ಲೇ ಇತ್ತು.

ಹೆಣದ ಮುಂದೆ ಬಿಟ್ಟಿ ತಮಟೆ ಬಡಿಯೋದನ್ನ ಹಿರಿಯರು ಹೋರಾಡಿ ಬಿಡಿಸಿದರು. ಸರಿಯಾಗಿ ಮಾಡಿದರು. ಬಿಟ್ಟಿ ಹೋಗಬೇಕು. ವಿದ್ಯೆ ಯಾಕೆ ಹೋಗಬೇಕು?

ಈಸ್ಟ್‌ಮನ್ ಹೇಗೆ ಉಳಿದ ನೋಡಿ. ೧೯೯೮ರಲ್ಲಿ ಮೇರಿ ಜೇನ್ ಲೀಚ್ ಪಾಠಕ್ಕೆಂದು ಅವನ ಒಂದು ಕೃತಿ ಹುಡುಕಹೊರಟಳು. ೧೯೮೧ರಲ್ಲಿ ಹತ್ತು ಚೆಲ್ಲೊ ವಾದ್ಯಗಳಿಗೆ ಬರೆದ, ಜೋನ್ ಆಫ್ ಆರ್ಕ್ ಮೇಲಿನ ಕೃತಿ. ಸಿಗಲಿಲ್ಲ. ಹುಡುಕಾಟ ವರ್ಷಗಟ್ಟಲೆ ನಡೆಯಿತು. ಯಾರದೋ ಪೆಟ್ಟಿಗೆಯ ತಳದ ಟೇಪು, ಯಾರಲ್ಲೋ ಉಳಿದ ನಕಲು ಅಂತ ಒಂದೊಂದಾಗಿ ಕೂಡಿಸಿ ೨೦೦೫ರಲ್ಲಿ ಮೂರು ಸಿ.ಡಿ.ಗಳು ಹೊರಬಂದವು. ೧೯೮೦ರ ಆ ಕಛೇರಿ, ವೇದಿಕೆಯ ಮೇಲಿನ ಅವನ ಮಾತು ಎಲ್ಲ ಅದರಲ್ಲಿವೆ. ಅವತ್ತು ರೆಕಾರ್ಡು ಮಾಡಿಟ್ಟಿದ್ದರಿಂದ ಉಳಿಯಿತು. ಇಲ್ಲದಿದ್ದರೆ ಅವನ ಕೊರಳೂ ಬೀದಿಯ ಕಸದೊಳಗೆ ಹೋಗುತ್ತಿತ್ತು.

ಆದ್ದರಿಂದ ನನ್ನ ಮಾತು ಇಷ್ಟೇ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಮಕ್ಕಳ ಅಜ್ಜಿಯ ಪದ, ಅಜ್ಜನ ಹೊಡೆತ ಬರೆದಿಡಿ, ಮೊಬೈಲಿನಲ್ಲಿ ಹಿಡಿದಿಡಿ. ಹೋರಾಟದ ಹಾಡುಗಾರರ ನೋಟುಪುಸ್ತಕ, ಕರಪತ್ರ, ಮಾಸಿದ ಕ್ಯಾಸೆಟ್ಟು ನಿಮ್ಮ ಅಟ್ಟದ ಮೇಲಿದ್ದರೆ ಇಳಿಸಿ, ಧೂಳು ಒರೆಸಿ, ಎರಡು ಕಡೆ ನಕಲು ಇಡಿ. ಯಾವುದೋ ಅಕಾಡೆಮಿ ಬಂದು ಕಾಪಾಡುತ್ತೆ ಅಂತ ಕಾಯಬೇಡಿ. ವಿದ್ಯಾರ್ಥಿಗಳೇ, ಪಿಯಾನೊ ಸಿಕ್ಕರೆ ಪಿಯಾನೊ ಮುಟ್ಟಿ, ಕುಂಚ ಸಿಕ್ಕರೆ ಕುಂಚ ಮುಟ್ಟಿ. ಯಾವ ವಾದ್ಯವೂ ಯಾರಪ್ಪನದೂ ಅಲ್ಲ.

ಬರುವ ಏಪ್ರಿಲ್ ೧೪ಕ್ಕೆ ನಮ್ಮ ಕೇರಿಯ ಬಾಬಾಸಾಹೇಬರ ಪ್ರತಿಮೆಗೆ ಮತ್ತೆ ಬಣ್ಣ ಹೊಡೆಯಬೇಕು. ಡಬ್ಬ ತರುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಅಂಗಡಿಯಲ್ಲಿ ನೀಲಿಗಳು ಹತ್ತಾರಿವೆ. ಕಣ್ಣಿಗೆ ಹೊಡೆಯುವ ನೀಲಿಯನ್ನೇ ತರುತ್ತೇನೆ.